ಖಾನಾವಳಿ ನಡೆಸುವುದು, ಖಡಕ್ ರೊಟ್ಟಿಗೆ ಕೈ ಹಾಕುವುದು

ಗದಗಿನಲ್ಲಿ ನಮ್ಮದೊಂದು ಖಾನಾವಳಿ ಇದೆ. ಮಾವನವರು ಹಾಕಿದ್ದು, ಈಗ ನಮ್ಮ ಮನೆಯವರು ಮತ್ತು ನಾನು ನಡೆಸುತ್ತೇವೆ. ಅದರ ಜೊತೆಗೆ ಖಡಕ್ ರೊಟ್ಟಿ ಪ್ಯಾಕೆಟ್ ಮಾಡಿ ಬೇರೆ ಊರುಗಳಿಗೆ ಕಳಿಸುವ ಒಂದು ಸಣ್ಣ ಘಟಕ ಇದೆ. ಅದನ್ನು ಶುರು ಮಾಡಿದ್ದು ನಾನು. ಎರಡೂ ರೊಟ್ಟಿಯ ಕೆಲಸವೇ. ಜೋಳ ಅದೇ, ಹಂಚು ಅದೇ, ಬಡಿಯುವ ಕೈಗಳೂ ಹೆಚ್ಚುಕಡಿಮೆ ಅವೇ. ಆದರೂ ಒಂದು ವ್ಯಾಪಾರ, ಇನ್ನೊಂದು ಉದ್ಯಮ. ಈ ಎರಡರ ನಡುವೆ ಇರುವ ಫರಕು ನನಗೆ ಯಾವ ತರಬೇತಿಯಲ್ಲೂ ತಿಳಿಯಲಿಲ್ಲ, ಎರಡನ್ನೂ ಮಾಡುತ್ತಾ ಹೋದಾಗ ತಿಳಿಯಿತು. "ಅಕ್ಕಾ, ನಾನೂ ಏನರ ಉದ್ಯಮ ಮಾಡಬೇಕು" ಅಂತ ಈಗ ಬಹಳ ಹೆಣ್ಣುಮಕ್ಕಳು ಕೇಳಿಕೊಂಡು ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಖಾನಾವಳಿ ಬಗ್ಗೆ ಹೇಳುತ್ತೇನೆ. ವ್ಯಾಪಾರ ಅಂದರೆ ಸುಮ್ನೆ ಗಲ್ಲಾದ ಮುಂದೆ ಕೂರುವುದು ಅಂತ ಅಂದುಕೊಂಡವರು ನಮ್ಮ ಮನೆಯವರನ್ನು ಒಂದು ವಾರ ನೋಡಬೇಕು. ನಾಳೆ ಎಷ್ಟು ಊಟ ಹೋಗುತ್ತದೆ ಅಂತ ಅವರಿಗೆ ಇವತ್ತು ರಾತ್ರಿಯೇ ಗೊತ್ತಿರುತ್ತದೆ. ಎಪಿಎಂಸಿಗೆ ಹೆಸರು, ಶೇಂಗಾ ಬರುವ ಕಾಲಕ್ಕೆ ರೈತರು ಜಾಸ್ತಿ ಬರುತ್ತಾರೆ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಬಹಳ, ಮಧ್ಯಾಹ್ನದ ಊಟ ಇಳಿಯುತ್ತದೆ. ಮದುವೆ ಮುಹೂರ್ತ ಇದ್ದ ದಿನ ವಕೀಲರು, ಗುಮಾಸ್ತರು ಯಾರೂ ಕಾಣುವುದಿಲ್ಲ, ಎಲ್ಲರೂ ಯಾವುದೋ ಕಲ್ಯಾಣ ಮಂಟಪದ ಪಂಕ್ತಿಯಲ್ಲಿ ಕೂತಿರುತ್ತಾರೆ. ಅಮಾವಾಸ್ಯೆ ದಿನ ಲಾರಿಯವರು ಕಡಿಮೆ. ಬದನೆಕಾಯಿ ದರ ಏರಿದರೆ ಎಣ್ಣೆಗಾಯಿ ಬದಲು ಮಡಕಿಕಾಳು ಪಲ್ಯ. ಮೊಸರು ಉಳಿದರೆ ಸಂಜೆಗೆ ಮಜ್ಜಿಗೆ ಸಾರು. ರಾತ್ರಿ ಅಡುಗೆಮನೆಯಲ್ಲಿ ಒಂದು ಬುಟ್ಟಿ ರೊಟ್ಟಿ ಜಾಸ್ತಿ ಉಳಿದರೆ ಅವರಿಗೆ ನಿದ್ದೆ ಬರುವುದಿಲ್ಲ.

ಇದು ಸಣ್ಣ ವಿದ್ಯೆ ಅಲ್ಲ. ಆದರೆ ಗಮನಿಸಿ, ಈ ವಿದ್ಯೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಅಂತ ಏನೂ ಇಲ್ಲ. ಮಾವನವರು ಅವರಿಗೆ ಹೇಳಿಕೊಟ್ಟರು. ಮಾವನವರಿಗೆ ಇನ್ಯಾರೋ ಹೇಳಿಕೊಟ್ಟಿದ್ದರು. ಅಡುಗೆಯವರು ಕೈಕೊಟ್ಟರೆ ಏನು ಮಾಡಬೇಕು, ಉದ್ರಿ ಯಾರಿಗೆ ಕೊಡಬಾರದು, ಊಟದ ದರ ಐದು ರೂಪಾಯಿ ಏರಿಸಿದರೆ ಎಷ್ಟು ಗಿರಾಕಿ ಮುನಿಸಿಕೊಳ್ಳುತ್ತಾರೆ, ಎಲ್ಲಕ್ಕೂ ಉತ್ತರ ಇದೆ. ಪಕ್ಕದ ಓಣಿಯ ಖಾನಾವಳಿಯವರನ್ನು ಕೇಳಿದರೆ ಅವರೂ ಹೇಳುತ್ತಾರೆ. ನಷ್ಟ ಆಗಬಹುದು, ಆದರೆ ಎಲ್ಲಿ ಆಗುತ್ತದೆ ಅನ್ನೋದು ಮೊದಲೇ ಗೊತ್ತಿರುತ್ತದೆ.

ಖಡಕ್ ರೊಟ್ಟಿಗೆ ಕೈ ಹಾಕಿದಾಗ ನನ್ನ ಅನುಭವ ಪೂರ್ತಿ ಬೇರೆ ಆಯಿತು.

ಶುರುವಾಗಿದ್ದು ಒಬ್ಬ ಗಿರಾಕಿಯಿಂದ. ನಮ್ಮಲ್ಲಿ ತಿಂಗಳ ಊಟ ಮಾಡುತ್ತಿದ್ದವರು. ಬೆಂಗಳೂರಿಗೆ ವರ್ಗ ಆಯಿತು. ಅಲ್ಲಿಂದ ಫೋನ್ ಮಾಡಿ ರೊಟ್ಟಿ ಕಳಿಸಿ ಅಂತ ಕೇಳಿದರು. ರಾತ್ರಿ ಬಸ್ಸಿಗೆ ರಟ್ಟಿನ ಡಬ್ಬಿಯಲ್ಲಿ ಹಾಕಿ ಕಳಿಸಿದೆವು. ಮರುದಿನ ಫೋನ್ ಬಂತು. "ಅಕ್ಕಾರ, ರೊಟ್ಟಿ ಮುಟ್ಟ್ಯಾವ್ರಿ. ಆದ್ರ ಒಂದೂ ಇಡೀ ಉಳದಿಲ್ಲ, ಎಲ್ಲಾ ಚೂರ್ ಚೂರ್ ಆಗ್ಯಾವ." ಪಾಪ, ಆ ಚೂರುಗಳನ್ನೇ ಮೊಸರಿನಲ್ಲಿ ಹಾಕಿಕೊಂಡು ತಿಂದರಂತೆ.

ನಮ್ಮ ಮನೆಯವರು "ಬಿಡು, ಪಾರ್ಸೆಲ್ ನಮ್ಮ ದಂಧೆ ಅಲ್ಲ. ಇಲ್ಲಿ ಕುಂತು ಉಣ್ಣೋರಿಗೆ ಸರಿಯಾಗಿ ಹಾಕೂಣು" ಅಂದರು. ವ್ಯಾಪಾರಿಯಾಗಿ ಅವರು ಆಡಿದ್ದು ಸರಿಯಾದ ಮಾತು. ನನ್ನ ತಲೆಯಿಂದ ಮಾತ್ರ ಅದು ಹೋಗಲಿಲ್ಲ. ಬೆಂಗಳೂರು, ಮಂಗಳೂರು, ಪುಣೆ ಅಂತ ನಮ್ಮ ಕಡೆಯ ಎಷ್ಟು ಜನ ಹೊರಗೆ ಹೋಗಿದ್ದಾರೆ. ಊರಿಗೆ ಬಂದವರು ಹೋಗುವಾಗ ಬ್ಯಾಗಿನಲ್ಲಿ ಅವ್ವ ಮಾಡಿದ ರೊಟ್ಟಿ ತುಂಬಿಕೊಂಡು ಹೋಗುತ್ತಾರೆ. ಅದು ಮುಗಿದ ಮೇಲೆ?

ಖಡಕ್ ರೊಟ್ಟಿ ಮಾರುವುದನ್ನು ನಾನೇನೂ ಕಂಡುಹಿಡಿಯಲಿಲ್ಲ. ಹುಬ್ಬಳ್ಳಿ, ಧಾರವಾಡ, ವಿಜಯಪುರ, ಕಲಬುರಗಿಯಲ್ಲಿ ರೊಟ್ಟಿ ಬಡಿದು ಮಾರಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಇದ್ದಾರೆ. ನನ್ನ ಮುಂದೆ ಇದ್ದ ಪ್ರಶ್ನೆ ಬೇರೆ. ಮಳೆಗಾಲದಲ್ಲಿ ಇಲ್ಲಿಂದ ಹೊರಟ ರೊಟ್ಟಿ ಮಂಗಳೂರಿನ ಒಂದು ಮನೆಯಲ್ಲಿ ಎರಡು ತಿಂಗಳ ಮೇಲೂ ಕಟುಮ್ ಅನ್ನಬೇಕು, ಮುರಿದಿರಬಾರದು, ಬೂಸ್ಟು ಹಿಡಿದಿರಬಾರದು. ಹೇಗೆ?

ಇದನ್ನು ಕೇಳಿಕೊಂಡು ನಾನು ಹೋಗದ ಜಾಗ ಇಲ್ಲ. ಮನೆಯ ಹಿರಿಯರು "ಬುಟ್ಟ್ಯಾಗ ಅರಬಿ ಹಾಸಿ ಇಡು, ತಿಂಗಳಗಟ್ಟಲೆ ಇರತಾವ" ಅಂದರು. ನಿಜ, ಗದಗಿನ ಒಣ ಹವೆಯಲ್ಲಿ ಇರುತ್ತವೆ. ಪ್ಯಾಕಿಂಗ್ ಕವರು ಮಾರುವವರಿಗೆ ಚಿಪ್ಸ್ ಗೊತ್ತು, ರೊಟ್ಟಿ ಗೊತ್ತಿಲ್ಲ. ಬೇಕರಿಯವರಿಗೆ ಟೋಸ್ಟ್ ಗೊತ್ತು. ಪಾರ್ಸೆಲ್ ಆಫೀಸಿನವರಿಗೆ ತೂಕ ಮಾತ್ರ ಗೊತ್ತು. ಎಲ್ಲರೂ ಒಂದೊಂದು ತುಂಡು ಹೇಳಿದರು. ಪೂರ್ತಿ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಆಗಲೇ ನನಗೆ ಅನ್ನಿಸಿದ್ದು, ಖಾನಾವಳಿಯಲ್ಲಿ ಇಷ್ಟು ವರ್ಷ ಇಂಥ ಒಂದು ಪ್ರಶ್ನೆಯೂ ನನಗೆ ಎದುರಾಗಿರಲಿಲ್ಲ ಅಂತ. ಅಲ್ಲಿ ಕಷ್ಟ ಇತ್ತು, ಆದರೆ ಕೇಳಿದರೆ ಹೇಳುವವರು ಇದ್ದರು. ಇಲ್ಲಿ ನಾನೇ ಮಾಡಿ ನೋಡಿ ತಿಳಿಯಬೇಕಿತ್ತು, ಅದಕ್ಕೆ ದುಡ್ಡೂ ನನ್ನದೇ, ಕಾಲವೂ ನನ್ನದೇ.

ಮಾಡಿ ನೋಡಿದೆ. ಒಂದೇ ದಿನ ಬಡಿದ ರೊಟ್ಟಿಯನ್ನು ಬೇರೆ ಬೇರೆ ಥರ ಕಟ್ಟಿ, ಕೆಲವನ್ನು ಅಡುಗೆಮನೆಯಲ್ಲಿ, ಕೆಲವನ್ನು ಬಚ್ಚಲಿನ ಪಕ್ಕದ ಮಾಡಿನಲ್ಲಿ ಇಟ್ಟೆ. ಕೆಲವನ್ನು ಮಂಗಳೂರಿನಲ್ಲಿರುವ ತಂಗಿಯ ಮನೆಗೆ ಕಳಿಸಿದೆ. ಅವಳು ವಾರಕ್ಕೊಮ್ಮೆ ಒಂದು ಪ್ಯಾಕೆಟ್ ಒಡೆದು ಮುರಿಯುವ ಸದ್ದನ್ನು ಫೋನಿನಲ್ಲೇ ಕೇಳಿಸುತ್ತಿದ್ದಳು. ಬಿಸಿಯಾಗಿ ಕಟ್ಟಿದ್ದು ಒಳಗೇ ಬೆವೆತು ಬೂಸ್ಟು ಹಿಡಿಯಿತು. ಪೂರ್ತಿ ಆರಲು ಬಿಟ್ಟಿದ್ದು ಮಳೆಗಾಲದ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಯಿತು. ಅಂದರೆ ಹಂಚಿನಿಂದ ಇಳಿದ ಮೇಲೆ, ಕವರಿಗೆ ಹೋಗುವ ಮೊದಲು ಇರುವ ಆ ನಡುವಿನ ಹೊತ್ತಿನಲ್ಲೇ ಎಲ್ಲ ಇದೆ.

ಇದರ ಕಾರಣ ಗೊತ್ತಾಗಿದ್ದು ಆಹಾರ ಸಂಸ್ಕರಣೆ ಓದಿದವರನ್ನು ಕೇಳಿದ ಮೇಲೆ. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಅನ್ನೋದಕ್ಕಿಂತ, ಬೂಸ್ಟಿಗೆ ಸಿಗುವ ಹಾಗೆ ಎಷ್ಟು ನೀರು ಬಿಡುವಾಗಿದೆ ಅನ್ನೋದು ಮುಖ್ಯವಂತೆ. ಅದಕ್ಕೆ ವಾಟರ್ ಆಕ್ಟಿವಿಟಿ ಅಂತ ಒಂದು ಅಳತೆ ಇದೆ. ಅದು 0.6ಕ್ಕಿಂತ ಕೆಳಗಿದ್ದರೆ ಬೂಸ್ಟು, ಸೂಕ್ಷ್ಮಜೀವಿ ಯಾವುದೂ ಬೆಳೆಯುವುದಿಲ್ಲ. ಕಟುಮ್ ಅನ್ನುವ ಗರಿಗರಿ ಬೇಕಾದರೆ ಇನ್ನೂ ಕೆಳಗೆ ಇಳಿಯಬೇಕು. ನಮ್ಮ ಅಜ್ಜಿಯಂದಿರು ಒಲೆಯ ಸುತ್ತ ರೊಟ್ಟಿ ನಿಲ್ಲಿಸಿ ಮಾಡುತ್ತಿದ್ದುದು ಇದನ್ನೇ. ನನಗೆ ಬೇಕಾಗಿದ್ದು ಮಳೆಗಾಲದಲ್ಲೂ ಅದೇ ಒಣ ಬಿಸಿ. ಕೊನೆಗೆ ಟ್ರೇ ಡ್ರೈಯರ್, ಅಂದರೆ ತಟ್ಟೆಗಳಲ್ಲಿಟ್ಟು ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ, ತರುವುದು ಅಂತ ಆಯಿತು.

ಮುರಿಯುವ ಸಮಸ್ಯೆ ಇದಕ್ಕಿಂತ ಕಠಿಣ. ಅದು ಕೈಗಳ ವಿಷಯ.

ನಮ್ಮಲ್ಲಿ ರೊಟ್ಟಿ ಬಡಿಯುವವರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರು ಕೂತು ಬಡಿಯುವುದನ್ನು ನೋಡಬೇಕು. ಎಸರು ಕುದಿಯುವಾಗ ಹಿಟ್ಟಿಗೆ ಹಾಕಿ, ಕೈ ಸುಡುವ ಬಿಸಿಯಲ್ಲೇ ನಾದುತ್ತಾರೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ, ಬಿಸಿನೀರೇ ಅದಕ್ಕೆ ಜಿಗಿ ಕೊಡಬೇಕು. ಆಮೇಲೆ ಉಂಡೆ ಮಾಡಿ ಕೊಣಮಿಗೆಯಲ್ಲಿ, ಅಂದರೆ ರೊಟ್ಟಿ ಬಡಿಯುವ ಮರದ ಪರಾತದಲ್ಲಿ, ಒಣಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ, ರೊಟ್ಟಿ ಅಂಗೈ ಕೆಳಗೆ ತಾನೇ ತಿರುಗುತ್ತಾ ಅಗಲ ಆಗುತ್ತದೆ. ಅವರ ಒಂದು ಕೈಬಳೆಯ ಸದ್ದು ಕೂಡ ತಪ್ಪುವುದಿಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಹೊರಳಿಸಿ, ಬಟ್ಟೆಯಿಂದ ಒತ್ತಿ ಉಬ್ಬಿಸುತ್ತಾರೆ. ಅವರ ರೊಟ್ಟಿ ಅಂಚಿನಿಂದ ಅಂಚಿಗೆ ಒಂದೇ ತೆಳುವು.

ಪಕ್ಕದಲ್ಲಿ ಕೂತ ಹುಡುಗಿಯ ರೊಟ್ಟಿಯೂ ರುಚಿಯೇ. ಆದರೆ ಅಂಚು ದಪ್ಪ, ನಡುವೆ ತೆಳು, ಅಗಲವೂ ಹೆಚ್ಚುಕಡಿಮೆ. ಖಾನಾವಳಿಯಲ್ಲಿ ಇದು ಲೆಕ್ಕಕ್ಕೇ ಇಲ್ಲ. ಪ್ಯಾಕೆಟ್ಟಿನಲ್ಲಿ ಒಂದು ದೊಡ್ಡ ರೊಟ್ಟಿ ಹೊರಗೆ ಚಾಚಿದರೆ ಮೊದಲ ಹೊಡೆತ ಅದಕ್ಕೇ ಬೀಳುತ್ತದೆ, ಅದು ಮುರಿದರೆ ಅದರ ಚೂರು ಉಳಿದವನ್ನೂ ಮುರಿಯುತ್ತದೆ. ದುಂಡಗಿನ ಬಳೆಯಿಟ್ಟು ಅಂಚು ಕತ್ತರಿಸೋಣ ಅಂತ ಒಂದು ಯೋಚನೆ ಬಂತು. ಅಜ್ಜಿ ಒಪ್ಪಲಿಲ್ಲ. "ಕತ್ತರಿಸಿದ್ರ ಅದು ರೊಟ್ಟಿ ಅಲ್ಲವ್ವಾ, ಬಿಸ್ಕೀಟು" ಅಂದರು. ಅವರು ಹೇಳಿದ್ದು ನನಗೂ ಸರಿ ಅನ್ನಿಸಿತು. ಕೈ ಬಡಿದ ರೊಟ್ಟಿಯ ಅಂಚು ಹೋದರೆ ನಾನು ಊರಿನಿಂದ ಏನನ್ನು ಕಳಿಸಿದ ಹಾಗಾಯಿತು?

ಬದಲಿಗೆ ಉಂಡೆಯನ್ನು ತಕ್ಕಡಿಯಲ್ಲಿ ತೂಗುವುದು ಅಂತ ಮಾಡಿದೆವು. ಒಂದೇ ತೂಕದ ಉಂಡೆ, ಕೆಳಗೆ ಗೆರೆ ಹಾಕಿದ ಹಲಗೆ, ಗೆರೆ ಮುಟ್ಟುವವರೆಗೆ ಬಡಿಯಬೇಕು. ಇದಕ್ಕೂ ಮೊದಲು ಬೇಸರ ಆಯಿತು. ತಕ್ಕಡಿ ಬಂತು ಅಂದರೆ ತಮ್ಮ ಮೇಲೆ ನಂಬಿಕೆ ಇಲ್ಲ ಅಂತ ಹೆಣ್ಣುಮಕ್ಕಳು ತಿಳಿದರು. ಹಿಟ್ಟು ಕದಿಯುತ್ತಾರೆ ಅಂತ ಅಳೆಯುತ್ತಿದ್ದಾಳೆ ಅಂದುಕೊಂಡರು. ಬೆಂಗಳೂರಿನಿಂದ ವಾಪಸ್ ಬಂದ ಒಂದು ಪೆಟ್ಟಿಗೆಯನ್ನು ಅವರ ಮುಂದೆಯೇ ಬಿಚ್ಚಿದೆ. ಯಾವ ರೊಟ್ಟಿ ಮುರಿದಿದೆ, ಯಾಕೆ ಮುರಿದಿದೆ ಅಂತ ಅವರೇ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ತಕ್ಕಡಿ ಬಗ್ಗೆ ಯಾರೂ ಮಾತಾಡಲಿಲ್ಲ. ಎಣಿಕೆಗೆ ಕೂಲಿ ಕೊಡುವ ಪದ್ಧತಿ ಇಟ್ಟುಕೊಂಡೆವು, ಆದರೆ ಸರಿಯಾಗಿ ಬಂದ ರೊಟ್ಟಿಗೆ ಖಾನಾವಳಿಯ ರೊಟ್ಟಿಗಿಂತ ಜಾಸ್ತಿ ದರ. ಅದು ನ್ಯಾಯವೂ ಹೌದು, ಕೆಲಸವೂ ಹೆಚ್ಚಿನದು.

ಕಾಗದಪತ್ರದ ಕೆಲಸ ಅಂದುಕೊಂಡಷ್ಟು ದೊಡ್ಡದಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಆಹಾರ ಸುರಕ್ಷತೆ ನೋಡುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನಲ್ಲಿ ನಾನು ಮಾಡಿಸುವಾಗ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಸಾಕಿತ್ತು, ಅದರ ಮೇಲಾದರೆ ಲೈಸೆನ್ಸ್. ಅವರು ಕೊಡುವ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಬರಬೇಕು. ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ವಿಳಾಸ, ದೂರು ಹೇಳಲು ಫೋನ್ ನಂಬರ್ ಇವೂ ಬೇಕು. ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೆಯುವ ಜಾಗದಲ್ಲಿ ಮಾತ್ರ ನನ್ನ ಕೈ ನಿಂತಿತು. ಬೇರೆ ಎಲ್ಲವನ್ನೂ ಯಾರನ್ನೋ ಕೇಳಿ ಬರೆಯಬಹುದು. ಆ ಒಂದು ಅಂಕಿಯನ್ನು ನಾನೇ ಪರೀಕ್ಷೆ ಮಾಡಿಸಿ, ನಾನೇ ನಂಬಿ, ನಾನೇ ಹೊಣೆ ಹೊತ್ತು ಬರೆಯಬೇಕು.

ಬಂಡವಾಳಕ್ಕೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಗೆ ಅರ್ಜಿ ಹಾಕಿದೆ. 2020ರಲ್ಲಿ ಬಂದ ಯೋಜನೆ, ಸಣ್ಣ ಆಹಾರ ಘಟಕಗಳಿಗಾಗಿಯೇ ಇರುವುದು. ನಾನು ಅರ್ಜಿ ಹಾಕುವಾಗ ಕೇಂದ್ರದಿಂದ ಯೋಜನಾ ವೆಚ್ಚದ 35% ಸಹಾಯಧನ ಇತ್ತು, ನಮ್ಮ ರಾಜ್ಯ ಅದಕ್ಕೆ 15% ಸೇರಿಸುತ್ತಿತ್ತು. ಎರಡೂ ಸೇರಿ 15 ಲಕ್ಷ ರೂಪಾಯಿ ಮಿತಿ ಇತ್ತು. ರಾಜ್ಯದಲ್ಲಿ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ಕೆಪೆಕ್ ನಿಗಮ ಇದನ್ನು ನೋಡಿಕೊಳ್ಳುತ್ತಿತ್ತು. ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿ ಅಂತ ಇದ್ದರು, ಅರ್ಜಿ, ಯೋಜನಾ ವರದಿ ಮಾಡಲು ಸಹಾಯ ಮಾಡುತ್ತಿದ್ದರು. ಒಂದು ವಿಷಯ ತಿಳಿದಿರಲಿ. ಆ ಸಹಾಯಧನ ಕೈಗೆ ಬರುವ ದುಡ್ಡಾಗಿರಲಿಲ್ಲ. ಅದು ಬ್ಯಾಂಕಿನಲ್ಲಿ 3 ವರ್ಷ ಇರುತ್ತಿತ್ತು. ಅಷ್ಟು ಕಾಲ ಕಂತು ಸರಿಯಾಗಿ ಕಟ್ಟಿ ಘಟಕವನ್ನೂ ನಡೆಸಿದರೆ ಸಾಲಕ್ಕೆ ಜಮಾ ಆಗುತ್ತಿತ್ತು. ನಮ್ಮ ಪಾಲು ಕನಿಷ್ಠ 10% ಹಾಕಲೇಬೇಕಿತ್ತು.

ನಾನು ಮೊದಲು ಹೋದ ಬ್ಯಾಂಕಿನಲ್ಲಿ ಒಂದು ಮಾತು ಹೇಳಿದರು. "ಖಾನಾವಳಿ ದೊಡ್ಡದು ಮಾಡ್ತೀರಿ ಅಂದ್ರ ನಾಳೇನ ಸಾಲ ಕೊಡ್ತೀವ್ರಿ. ಇದು ನಡೀತೈತಿ ಅಂತ ಹೆಂಗ ಹೇಳ್ತೀರಿ?" ಅವರ ಕೆಲಸ ಅದು, ಕೇಳಬೇಕಾದ್ದೇ ಕೇಳಿದರು. ಖಾನಾವಳಿಗೆ ಹಿಂದಿನ ವರ್ಷಗಳ ಲೆಕ್ಕ ಇದೆ. ಇದಕ್ಕೆ ತೋರಿಸಲು ಹಿಂದೆ ಏನೂ ಇಲ್ಲ. ಬೇರೆ ಬ್ಯಾಂಕಿಗೆ ಹೋಗುವಾಗ ಅಂಕಿಗಳ ಜೊತೆಗೆ ಮಂಗಳೂರಿನಿಂದ ವಾಪಸ್ ತರಿಸಿದ ಪ್ಯಾಕೆಟ್ ಒಯ್ದೆ. ಮ್ಯಾನೇಜರ್ ಮುಂದೆ ಒಡೆದು ಶೇಂಗಾ ಚಟ್ನಿ ಜೊತೆ ಇಟ್ಟೆ. ಸಾಲ ಆಯಿತು.

ಆಮೇಲಿನ ವರ್ಷ ಸುಲಭ ಇರಲಿಲ್ಲ. ಖಾನಾವಳಿಯ ದುಡ್ಡು ಅದೇ ಸಂಜೆ ಗಲ್ಲಾದಲ್ಲಿ ಇರುತ್ತದೆ. ಪ್ಯಾಕೆಟ್ಟಿನ ದುಡ್ಡು ಅಂಗಡಿಯವರು ಮಾರಿ, ಎಣಿಸಿ, ಒಡೆದದ್ದನ್ನು ಕಳೆದು ಕೊಡುವಷ್ಟರಲ್ಲಿ ಎರಡು ತಿಂಗಳು ಆಗುತ್ತದೆ. ಕೂಲಿ ಮಾತ್ರ ಶನಿವಾರ ಕೊಡಲೇಬೇಕು. ಒಂದು ದೊಡ್ಡ ಅಂಗಡಿಯವರು ಮಾಲು ಇಟ್ಟುಕೊಂಡು ದುಡ್ಡು ಕೊಡದೆ ಬಹಳ ಸತಾಯಿಸಿದರು. ಖಾನಾವಳಿ ಗಟ್ಟಿಯಾಗಿ ನಿಂತಿದ್ದರಿಂದ ನಾನು ಉಳಿದೆ. ಇದನ್ನು ಒತ್ತಿ ಹೇಳುತ್ತೇನೆ. ನಡೆಯುವ ವ್ಯಾಪಾರ ಬಿಟ್ಟು ಉದ್ಯಮಕ್ಕೆ ಹಾರುವುದೇ ಧೈರ್ಯ ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಮನೆಯ ಒಲೆ ಆರಿದರೆ ಯಾವ ಪ್ರಯೋಗವೂ ನಡೆಯುವುದಿಲ್ಲ.

ತರಬೇತಿಗಳಲ್ಲಿ ಈ ಫರಕನ್ನು ಬೇರೆ ರೀತಿ ಹೇಳುತ್ತಾರೆ. ಮಾಲೀಕರು ಒಂದು ತಿಂಗಳು ಇಲ್ಲದಿದ್ದರೂ ನಡೆದರೆ ಅದು ಉದ್ಯಮ, ಇಲ್ಲದಿದ್ದರೆ ವ್ಯಾಪಾರ ಅಂತ. ನನಗೆ ಇದು ಸರಿ ಕಾಣುವುದಿಲ್ಲ. ಒಳ್ಳೆ ಮ್ಯಾನೇಜರ್ ಇಟ್ಟರೆ ಖಾನಾವಳಿಯೂ ಮಾಲೀಕರಿಲ್ಲದೆ ನಡೆಯುತ್ತದೆ, ಆದರೂ ಅದು ಖಾನಾವಳಿಯೇ. ಸಾಲ ಮಾಡುವುದು, ಅಪಾಯಕ್ಕೆ ಒಡ್ಡಿಕೊಳ್ಳುವುದು ಅನ್ನುತ್ತಾರೆ. ಎಪಿಎಂಸಿಯ ದಲಾಲರು ಒಂದು ಸುಗ್ಗಿಯಲ್ಲಿ ಹಾಕುವ ದುಡ್ಡನ್ನು ನಾನು ಜೀವನದಲ್ಲಿ ಕಂಡಿಲ್ಲ. ದೊಡ್ಡದಾದರೆ ಉದ್ಯಮ ಅನ್ನುವುದಂತೂ ಪೂರ್ತಿ ಸುಳ್ಳು. ಹತ್ತು ಖಾನಾವಳಿ ಹಾಕಿದರೂ ಹತ್ತು ಸಲ ಅದೇ ಕೆಲಸ ಮಾಡಿದ ಹಾಗೆ ಆಗುತ್ತದೆ. ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ತನ್ನದು ಅಂತ ತಲೆಮೇಲೆ ಹೊತ್ತುಕೊಳ್ಳುವುದು, ಉತ್ತರ ಸಿಗುವವರೆಗೆ ಅದರ ಖರ್ಚು ಕೊಡುವುದು, ಇಷ್ಟೇ ನನಗೆ ಕಂಡ ಫರಕು.

ನಮ್ಮ ಗದಗಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆಗಳಿವೆ. ವಿಆರ್‌ಎಲ್ ಸಾಗಣೆ ಕಂಪನಿ ಕಟ್ಟಿದ ವಿಜಯ ಸಂಕೇಶ್ವರ ಅವರ ಮನೆಯದು ಮುದ್ರಣದ ವ್ಯಾಪಾರ. ಅವರು ಅದರಲ್ಲೇ ಕೂರದೆ 1976ರಲ್ಲಿ ಒಂದು ಲಾರಿ ಇಟ್ಟುಕೊಂಡು ಸಾಗಣೆಗೆ ಇಳಿದರು. ಒಂದು ಲಾರಿ ಓಡಿಸುವುದು ವ್ಯಾಪಾರವೇ. ಸಣ್ಣ ಊರಿನವರ ಸಣ್ಣ ಪಾರ್ಸೆಲ್ ಕೂಡ ದೂರದ ಊರಿಗೆ ನಂಬಿಕೆಯಿಂದ ಮುಟ್ಟುವ ಜಾಲ ಕಟ್ಟಿದ್ದು ಉದ್ಯಮ. ನನ್ನ ರೊಟ್ಟಿಯೂ ಇಂಥ ಲಾರಿಗಳಲ್ಲೇ ಹೋಗುತ್ತದೆ. ಇನ್ನೊಂದು ಹೆಸರು ನನಗೆ ಇನ್ನೂ ಹತ್ತಿರದ್ದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ರೈತರು ಸಾಹುಕಾರರ ಬಡ್ಡಿಯಿಂದ ಹೊರಬರುವುದು ಹೇಗೆ ಅನ್ನೋದಕ್ಕೆ ಆಗ ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ಕಂಡ ಉತ್ತರ ಇರಲಿಲ್ಲ. ಪಾಟೀಲರು ಆ ಸಂಘವನ್ನು ತಮ್ಮ ಲಾಭಕ್ಕೆ ಕಟ್ಟಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಅವರು ಉದ್ಯಮಿ.

ಹಾಗಂತ ವ್ಯಾಪಾರ ಕಡಿಮೆ, ಉದ್ಯಮ ಹೆಚ್ಚು ಅಂತ ತಿಳಿಯಬೇಡಿ. ನನ್ನ ಘಟಕ ನಿಂತಿದ್ದು ನಮ್ಮ ಮನೆಯವರ ವ್ಯಾಪಾರದ ಬುದ್ಧಿಯಿಂದ. ಹಿಂಗಾರಿ ಬಿಳಿಜೋಳ ಸುಗ್ಗಿಯಾಗಿ ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ವರ್ಷಕ್ಕೆ ಬೇಕಾದಷ್ಟನ್ನು ಅವರೇ ಆರಿಸಿ ಕೊಳ್ಳುತ್ತಾರೆ. ಒಂದು ಹಿಡಿ ಜೋಳ ಹಲ್ಲಿನಲ್ಲಿ ಕಡಿದು ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಆ ಕಲೆ ನನಗೆ ಇವತ್ತಿಗೂ ಬಂದಿಲ್ಲ. ಬಹಳ ಹೆಣ್ಣುಮಕ್ಕಳಿಗೆ ನಾನು ಚೊಕ್ಕ ವ್ಯಾಪಾರವನ್ನೇ ಮಾಡಿ ಅಂತ ಹೇಳುತ್ತೇನೆ. ಮಕ್ಕಳ ಫೀ ಕಟ್ಟಬೇಕು, ತಿಂಗಳಿಗೆ ಇಷ್ಟು ಬೇಕೇ ಬೇಕು ಅನ್ನುವವರಿಗೆ ಗೊತ್ತಿರುವ ಮಾಲು, ಗೊತ್ತಿರುವ ಗಿರಾಕಿ, ಗೊತ್ತಿರುವ ದರ ಬಹಳ ಒಳ್ಳೆಯದು. ಉದ್ಯಮಿ ಅನ್ನಿಸಿಕೊಳ್ಳುವ ಆಸೆಗೆ ಆ ಭದ್ರತೆ ಕಳೆದುಕೊಳ್ಳಬಾರದು.

ಇನ್ನೊಂದು ಸಂಗತಿ ನಾನು ಮೊದಲು ಊಹಿಸಿರಲಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕ ದಿನದಿಂದ ಉದ್ಯಮವೂ ನಿಧಾನಕ್ಕೆ ವ್ಯಾಪಾರ ಆಗುತ್ತದೆ. ಈಗ ನನ್ನ ರೊಟ್ಟಿ ಘಟಕ ಹಾಗೇ ಆಗಿದೆ. ಉಂಡೆಯ ತೂಕ ಗೊತ್ತು, ಡ್ರೈಯರಿನಲ್ಲಿ ಎಷ್ಟು ಹೊತ್ತು ಅಂತ ಗೊತ್ತು, ಯಾವ ಅಂಗಡಿ ದುಡ್ಡು ಕೊಡುತ್ತದೆ ಅಂತ ಗೊತ್ತು. ಅಜ್ಜಿ ಪಕ್ಕದಲ್ಲಿ ಕೂತು ಕಲಿತ ಹುಡುಗಿಯೇ ಈಗ ದಿನದ ಕೆಲಸ ನೋಡಿಕೊಳ್ಳುತ್ತಾಳೆ. ಊರಲ್ಲಿ ಇನ್ನೂ ಕೆಲವರು ಇದೇ ಥರ ಪ್ಯಾಕೆಟ್ ಶುರು ಮಾಡಿದ್ದಾರೆ. ಬಂದು ಕೇಳಿದರೆ ಎಲ್ಲ ಹೇಳುತ್ತೇನೆ, ತಕ್ಕಡಿ, ಗೆರೆಯ ಹಲಗೆ ಎಲ್ಲ ತೋರಿಸುತ್ತೇನೆ. ನಮ್ಮ ಮನೆಯವರಿಗೆ ಇದು ಅಷ್ಟು ಇಷ್ಟ ಇಲ್ಲ. ನನಗೆ ಕೇಳಲು ಯಾರೂ ಸಿಗದ ಆ ದಿನಗಳು ನೆನಪಿವೆ, ಹಾಗಾಗಿ ಹೇಳದೆ ಇರಲು ಮನಸ್ಸು ಬರುವುದಿಲ್ಲ.

ಈಗ ನಾನು ಕೂತಿರುವುದು ಹಿಟ್ಟಿನ ಮುಂದೆ. ದೂರದ ಊರಿನ ಮನೆಗಳಲ್ಲಿ ಬಿಸಿ ರೊಟ್ಟಿ ಬಡಿಯುವ ಆಸೆ ಇರುವವರು ಇದ್ದಾರೆ, ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ಜೋಳದ ಹಿಟ್ಟು ಹಳತಾಗಿ ಕಹಿ ಹಿಡಿಯುತ್ತದೆ, ಜಿಗಿ ಹೋಗಿ ಬಡಿಯುವಾಗಲೇ ಸೀಳುತ್ತದೆ. ಬೀಸುವ ಮೊದಲು ಜೋಳಕ್ಕೆ ಹದವಾಗಿ ಬಿಸಿ ತಾಗಿಸಿದರೆ ಕಹಿ ತಡವಾಗುತ್ತದೆ. ಬಿಸಿ ಸ್ವಲ್ಪ ಜಾಸ್ತಿಯಾದರೂ ರೊಟ್ಟಿ ಅಗಲ ಆಗುವುದಿಲ್ಲ. ಆ ಹದ ಎಲ್ಲಿದೆ ಅಂತ ಹುಡುಕುತ್ತಿದ್ದೇನೆ. ಹೋದ ವಾರ ಬೀಸಿದ ಹಿಟ್ಟಿನಲ್ಲಿ ಅಜ್ಜಿ ಬಡಿದು ನೋಡಿದರು. "ಇನ್ನಾ ಸ್ವಲ್ಪ ಜಿಗಿ ಬೇಕವಾ" ಅಂದರು. ಈ ವಾರ ಬಿಸಿ ಕಡಿಮೆ ಮಾಡಿ ಇನ್ನೊಂದು ಚೀಲ ಬೀಸಿಸಿದ್ದೇನೆ. ಅರ್ಧ ತಂಗಿಯ ಮನೆಗೆ ಹೋಗುತ್ತದೆ.